ಒಂದಗುಳು ಮತ್ತು ಮುಂದಿನ ಪಂದ್ಯ



ಕ್ರಿಕೆಟಿನ ಬಗ್ಗೆ ಬರೆಯಲು ಹೊರಟಿರುವ ನಾನು ಒಬ್ಬ ಗೃಹಿಣಿ. ವಯಸ್ಸು ಐವತ್ತು ದಾಟಿದೆ. ಬ್ಯಾಟನ್ನು ಕೈಯಲ್ಲಿ ಹಿಡಿದದ್ದು ಅಡಿಗೆಮನೆಯ ಹಲ್ಲಿ ಓಡಿಸಲು ಮಾತ್ರ. "ಆಂಟಿ, ನಿಮಗೆ ಯಾಕೆ ಈ ಉಸಾಬರಿ?" ಎಂದು ನೀವು ಕೇಳಬಹುದು. ಕೇಳಿ, ಬೇಸರವಿಲ್ಲ. ಆದರೆ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ, ಒಂದೇ ಟಿ.ವಿ.ಯ ಮುಂದೆ, ಮೂರು ಪಕ್ಷಗಳಾಗಿ ಕುಳಿತ ಮೂವರಿಗೆ ಇಷ್ಟು ವರ್ಷ ಚಹಾ, ಬಜೆ ಒದಗಿಸಿದವಳಿಗೆ ನಾಲ್ಕು ಮಾತು ಹೇಳುವ ಹಕ್ಕು ಇರಬೇಕಲ್ಲವೇ?

ನಮ್ಮ ಮನೆಯ ಪಕ್ಷಗಳು ಹೀಗಿವೆ. ನಮ್ಮವರು ಗಾವಸ್ಕರ್, ವೆಂಗ್‌ಸರ್ಕರ್ ಕಾಲದ ಹಳೆಯ ಮುಂಬಯಿಯ ಅಭಿಮಾನಿ. ಐ.ಪಿ.ಎಲ್. ಎಂದರೆ ಬರೀ ತಮಾಷಾ ಎನ್ನುತ್ತಾರೆ. ಒಂದು ಪಂದ್ಯವನ್ನೂ ಬಿಡುವುದಿಲ್ಲ. ಮಗನದು ಬೆಂಗಳೂರು. 2008ರಲ್ಲಿ ಐ.ಪಿ.ಎಲ್. ಶುರುವಾದಾಗ ಅವನಿಗೆ ಹತ್ತು ವರ್ಷ. ಬೆಂಗಳೂರನ್ನು ಅದುವರೆಗೆ ಕಣ್ಣಿಂದ ನೋಡಿರಲಿಲ್ಲ. ನಮಗೆ ಊರಿಗೆ ಹೋಗುವುದೆಂದರೆ ಕೊಂಕಣ ರೈಲಿನಲ್ಲಿ ಕುಂದಾಪುರ, ಅಲ್ಲಿಂದ ಅಜ್ಜಿಯ ಮನೆ, ಅಷ್ಟೇ. ಆದರೂ ಕರ್ನಾಟಕದ ತಂಡವೆಂದ ಮೇಲೆ ಅದು ನಮ್ಮದೇ ಎಂದು ಅವನ ಹಠ. ಮಗಳದು ಮುಂಬಯಿ ಇಂಡಿಯನ್ಸ್. "ಹುಟ್ಟಿದ್ದು ಇಲ್ಲಿ, ಲೋಕಲ್ ಟ್ರೇನಿನಲ್ಲಿ ಜೋತಾಡುವುದು ಇಲ್ಲಿ. ಟೀಮು ಮಾತ್ರ ಅಲ್ಲಿಯದ್ದು ಯಾಕೆ?" ಎಂಬುದು ಅವಳ ಪ್ರಶ್ನೆ.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು. ನನ್ನನ್ನು ಕೇಳಿದರೆ ಮುಂಬಯಿ ಮತ್ತು ಕರ್ನಾಟಕ ಬೀಗರ ಮನೆಗಳಿದ್ದಂತೆ. ಇದು ಬರೀ ಮಾತಲ್ಲ. ನಮ್ಮ ಗುಂಡಪ್ಪ ವಿಶ್ವನಾಥ್ ಮದುವೆಯಾದದ್ದು ಸುನಿಲ್ ಗಾವಸ್ಕರ್ ಅವರ ತಂಗಿಯನ್ನು. ಮುಂಬಯಿಯ ಆಟಗಾರ ಸಂಜಯ್ ಮಂಜ್ರೇಕರ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. 2019ರ ಮಾರ್ಚ್ 17ರಂದು ಅಂಧೇರಿಯ ಮೈದಾನದಲ್ಲಿ ಐ.ಎಸ್.ಎಲ್. ಫುಟ್‌ಬಾಲ್ ಫೈನಲ್ ನಡೆಯಿತು. ಬೆಂಗಳೂರು ಎಫ್.ಸಿ.ಗೆ ಕಪ್ ತಂದುಕೊಟ್ಟ ಒಂದೇ ಒಂದು ಗೋಲು ಹೊಡೆದವನು ರಾಹುಲ್ ಭೇಕೆ, ಅಪ್ಪಟ ಮುಂಬಯಿ ಹುಡುಗ. ಹೀಗಿರುವಾಗ ಯಾರ ಕಡೆ ಕೂತರೂ ನೀವು ನೆಂಟರ ಮನೆಯಲ್ಲೇ ಇದ್ದೀರಿ. ನನ್ನ ತಕರಾರು ನೀವು ಯಾವ ತಂಡದ ಕಡೆ ಎಂಬುದರ ಬಗ್ಗೆ ಅಲ್ಲ. ಸೀಸನ್ ಶುರುವಾದ ಹತ್ತೇ ದಿನದಲ್ಲಿ ನೀವು ಕೊಡುವ ತೀರ್ಪಿನ ಬಗ್ಗೆ.

ಅನ್ನ ಬೆಂದಿದೆಯೇ?

ಮಾರ್ಚ್ ಕೊನೆಯ ವಾರ ಬಂತೆಂದರೆ ಸಾಕು, ಟ್ರೇನಿನ ಲೇಡೀಸ್ ಡಬ್ಬಿಯಲ್ಲೂ ಇದೇ ಚರ್ಚೆ. ನಾನು ಮಂಗಳೂರು ಸೌತೆ, ಬಾಳೆಲೆ ತರಲೆಂದು ಮಾಟುಂಗಕ್ಕೆ ಹೊರಟರೆ, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯರು ಯಾವ ಎಳೆಯ ಆಟಗಾರನನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಿತ್ತೆಸೆಯಬೇಕು ಎಂದು ಠಾಣೆ ದಾಟುವುದರೊಳಗೆ ತೀರ್ಮಾನಿಸಿರುತ್ತಾರೆ. ಮನೆಗೆ ಬಂದರೆ ಅದರದೇ ಎರಡನೇ ಕಂತು. ಮೊದಲ ಪಂದ್ಯ ಸೋತರೆ "ನೋಡೋಣ". ಎರಡನೆಯದೂ ಸೋತರೆ "ಹೇಳಲಿಲ್ವಾ?" ಮೂರನೆಯದಕ್ಕೆ ನನ್ನ ಮಗ ಎದ್ದು ನಿಂತು, "ಹಟಾವ್ ಇವನನ್ನು! ಇವನಿಂದ ಎಂತದೂ ಆಗುವುದಿಲ್ಲ" ಎಂದು ಘೋಷಿಸುತ್ತಾನೆ.

ಒಮ್ಮೆ ನಾನು, "ಮೂರು ಪಂದ್ಯಕ್ಕೇ ಯಾಕೆ ಮಾರಾಯಾ ಇಷ್ಟು ಅವಸರ? ಒಟ್ಟು ಹದಿನಾಲ್ಕು ಇಲ್ಲವಾ?" ಎಂದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ಕಣೇ" ಎಂದರು. ಅಪ್ಪ, ಮಗ ಇಬ್ಬರೂ ನಕ್ಕರು.

ಗಾದೆ ಒಳ್ಳೆಯದೇ. ಆದರೆ ಅಗುಳು ಹಿಚುಕಿ ನೋಡುವವಳು ನಾನು, ಅವರಲ್ಲ! ನಮ್ಮ ಮನೆಯಲ್ಲಿ ಎರಡು ಬಗೆಯ ಅಕ್ಕಿ ಇದೆ. ಇಲ್ಲಿಯ ಕೋಲಂ ಅಕ್ಕಿ ಕಾಲು ಗಂಟೆಯಲ್ಲಿ ಅನ್ನವಾಗುತ್ತದೆ. ಊರಿನಿಂದ ತಂದ ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಕುಚ್ಚಲಕ್ಕಿಯನ್ನು ಕಾಲು ಗಂಟೆಗೆ ಹಿಚುಕಿ ನೋಡಿ "ಈ ಅಕ್ಕಿಯೇ ಸರಿಯಿಲ್ಲ, ಚೆಲ್ಲು" ಎಂದರೆ ಊರಿನವರು ನಗುವುದಿಲ್ಲವೇ? ಅಗುಳು ಹೇಳುವುದು ಅನ್ನ ಈಗ ಬೆಂದಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಅಕ್ಕಿಯ ಗುಣವನ್ನು ಅದು ಹೇಳುವುದಿಲ್ಲ.

ನಿಮಗೆ ಅಂಕಿಅಂಶ ಬೇಕು ಎಂದು ಗೊತ್ತು. ಮಗಳಿಂದಲೇ ಕೇಳಿ ತಿಳಿದು ಬರೆಯುತ್ತಿದ್ದೇನೆ. 2013ರಿಂದ 2025ರವರೆಗೆ ಹದಿಮೂರು ವರ್ಷ ಮುಂಬಯಿ ಇಂಡಿಯನ್ಸ್ ಒಂದು ಸಲವೂ ಸೀಸನ್ನಿನ ಮೊದಲ ಪಂದ್ಯ ಗೆದ್ದಿಲ್ಲ. ಅದೇ ಅವಧಿಯಲ್ಲಿ ಅದು ಐದು ಸಲ ಕಪ್ ಗೆದ್ದಿದೆ: 2013, 2015, 2017, 2019, 2020. ಐದು ಸಲವೂ ಸೋಲಿನಿಂದಲೇ ಶುರು! 2015ರಲ್ಲಂತೂ ಮೊದಲ ನಾಲ್ಕು ಪಂದ್ಯಗಳನ್ನೂ ಸೋತು ಕಪ್ ಎತ್ತಿತು. 2013ರ ಕಥೆ ಇನ್ನೂ ಚೆನ್ನ. ಜಗತ್ತನ್ನೇ ಗೆದ್ದ ರಿಕಿ ಪಾಂಟಿಂಗ್ ಸೀಸನ್ನಿನ ನಡುವೆ ತಾನಾಗಿ ಪಕ್ಕಕ್ಕೆ ಸರಿದರು. ಇಪ್ಪತ್ತಾರು ತುಂಬುತ್ತಿದ್ದ ರೋಹಿತ್ ಶರ್ಮ ನಾಯಕನಾದ. "ಈ ಹುಡುಗನಿಗೆ ಇಷ್ಟು ದೊಡ್ಡ ಹೊರೆಯೇ?" ಎಂದವರಲ್ಲಿ ನಮ್ಮವರೂ ಒಬ್ಬರು. ಆ ವರ್ಷವೇ ಮುಂಬಯಿಗೆ ಮೊದಲ ಕಪ್ ಬಂತು.

ಮಗನ ಕಡೆಯ ಲೆಕ್ಕವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. 2008ರ ಏಪ್ರಿಲ್ 18, ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ, ಬೆಂಗಳೂರಿನಲ್ಲೇ. ಕೋಲ್ಕತ್ತ 222 ಹೊಡೆಯಿತು. ನಮ್ಮವರು 82ಕ್ಕೆ ಆಲೌಟು. ಆ 82ರಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ದೆಹಲಿ ಹುಡುಗನದು ಒಂದೇ ಒಂದು ರನ್. ಆ ಇಡೀ ಸೀಸನ್ನಿನಲ್ಲೂ ಅವನು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಒಂದಗುಳು ನೋಡಿ ಅವನನ್ನು ಚೆಲ್ಲಿದ್ದರೆ? ಅವನ ಹೆಸರು ವಿರಾಟ್ ಕೊಹ್ಲಿ. ಬೆಂಗಳೂರಿನವರು ಅವನನ್ನು ಇಟ್ಟುಕೊಂಡರು. 2009, 2011, 2016ರ ಫೈನಲ್‌ಗಳಲ್ಲಿ ಸೋತರು. ಹದಿನೆಂಟನೇ ಸೀಸನ್ನಿನಲ್ಲಿ, 2025ರ ಜೂನ್ 3ರಂದು, ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಕಪ್ ಗೆದ್ದರು. ಆ ರಾತ್ರಿ ನನ್ನ ಮಗ ಅತ್ತದ್ದನ್ನು ನಾನು ನೋಡಿದೆ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ, ಹೆಚ್ಚಿನವರು ನಿಮ್ಮಂಥ ಎಳೆಯರೇ, ಪ್ರಾಣ ಕಳೆದುಕೊಂಡಾಗ ಮನೆಯಲ್ಲಿ ಯಾರೂ ಟಿ.ವಿ. ಹಾಕಲಿಲ್ಲ. ಅಭಿಮಾನ ಇರಲಿ ಮಕ್ಕಳೇ, ಆದರೆ ಅದಕ್ಕಾಗಿ ತೆರುವ ಬೆಲೆಗೆ ಒಂದು ಮಿತಿ ಇರಲಿ.

ಮಾವನವರು ಹೇಳುತ್ತಿದ್ದ ಮೂಲ್ಕಿಯ ಹುಡುಗ

ಎಳೆಯ ಆಟಗಾರನ ಬಗ್ಗೆ ವಾದ ಮಾಡುವುದು ನಿಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ನನ್ನ ಮಾವನವರು ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದವರು. ಹಗಲು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತರು. ಈಗ ಅವರಿಲ್ಲ. ಮೊಮ್ಮಕ್ಕಳು ಜಗಳವಾಡುವಾಗಲೆಲ್ಲ ಅವರು ಹೇಳುತ್ತಿದ್ದ ಕಥೆ ಒಂದೇ: ಬುಧಿ ಕುಂದರನ್.

ಈ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕುಂದರನ್ ಹುಟ್ಟಿದ್ದು 1939ರಲ್ಲಿ, ಮೂಲ್ಕಿಯಲ್ಲಿ. ಬೆಳೆದದ್ದು ಈ ಮುಂಬಯಿಯಲ್ಲಿ. ಅಂದರೆ ನಿಮ್ಮ ಹಾಗೆಯೇ, ಊರು ಅಲ್ಲಿ, ಬದುಕು ಇಲ್ಲಿ. 1960ರ ಜನವರಿಯಲ್ಲಿ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ನಡೆದಾಗ ಇಪ್ಪತ್ತು ವರ್ಷದ ಈ ಹುಡುಗನನ್ನು ವಿಕೆಟ್ ಕೀಪರನನ್ನಾಗಿ ಆರಿಸಿದರು. ಅಲ್ಲಿಯವರೆಗೆ ಅವನು ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ! "ರಣಜಿ ಆಡದವನಿಗೆ ಟೆಸ್ಟೇ?" ಎಂದು ಹೋಟೆಲಿನ ಪ್ರತಿ ಮೇಜಿನಲ್ಲೂ ವಾದವಾಗುತ್ತಿತ್ತಂತೆ. ಚಹಾ ತಣ್ಣಗಾಗುತ್ತಿತ್ತು, ಮಾತು ಬಿಸಿಯಾಗುತ್ತಿತ್ತು ಎಂದು ಮಾವನವರು ನಗುತ್ತಿದ್ದರು. ಮೊದಲ ಟೆಸ್ಟಿನಲ್ಲಿ ಕುಂದರನ್‌ರಿಂದ ದೊಡ್ಡ ಸ್ಕೋರೇನೂ ಬರಲಿಲ್ಲ. ಆದರೂ ಮುಂದಿನ ಪಂದ್ಯದಲ್ಲಿ ಆಡಿಸಿದರು. ಮದರಾಸಿನ ಆ ಪಂದ್ಯದಲ್ಲಿ, ಭಾರತ ಇನಿಂಗ್ಸ್ ಅಂತರದಿಂದ ಸೋತರೂ, ಅವರು ಇನಿಂಗ್ಸ್ ಆರಂಭಿಸಿ 71 ಹೊಡೆದರು. ಆಮೇಲೆ ರಣಜಿಯಲ್ಲಿ ರೈಲ್ವೇಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಇನ್ನೂರು ದಾಟಿದರು. 1964ರಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192!

ಅವರ ದಾರಿಯೇನೂ ಸಲೀಸಾಗಿರಲಿಲ್ಲ. ಇದೇ ಊರಿನ ಫಾರೂಕ್ ಇಂಜಿನಿಯರ್ ಜತೆ ವರ್ಷಗಟ್ಟಲೆ ಪೈಪೋಟಿ. ಒಬ್ಬರು ಒಳಗೆ, ಒಬ್ಬರು ಹೊರಗೆ. 18 ಟೆಸ್ಟ್ ಆಡಿದ ಕುಂದರನ್ ಕೊನೆಗೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. "ಅವನನ್ನು ಆ ಮೊದಲ ಪಂದ್ಯಕ್ಕೇ ಮನೆಗೆ ಕಳಿಸಿದ್ದರೆ 192 ಎಲ್ಲಿತ್ತು?" ಎಂದು ಮಾವನವರು ಕೇಳುತ್ತಿದ್ದರು. ಮೂಲ್ಕಿಯ ಹುಡುಗ ಎಂದು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಕಪ್ಪು ಬಸಿ ತೊಳೆಯುತ್ತಿದ್ದ ಹುಡುಗನಿಗೆ ಆ ಹೆಸರು ಕೊಟ್ಟ ಧೈರ್ಯ ಎಷ್ಟಿದ್ದಿರಬಹುದು ಎಂದು ನಾನೀಗ ಯೋಚಿಸುತ್ತೇನೆ.

ಬೈದವರೂ ನಾವೇ, ಹೊಗಳಿದವರೂ ನಾವೇ

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಅಲ್ಲಿಯ ಫುಟ್‌ಬಾಲಿನ ಕಥೆ ಹೇಳುತ್ತಿರುತ್ತಾನೆ. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೇ ಸೂತ್ರಧಾರಿ. ಚೆಂಡು ಯಾರಿಗೆ, ಯಾವಾಗ ಹೋಗಬೇಕೆಂದು ಮೈದಾನದಲ್ಲಿ ನಿರ್ಧರಿಸುವವನು ಅವನು. ನಮ್ಮ ಯಕ್ಷಗಾನದ ಭಾಗವತರಿದ್ದಂತೆ ಎಂದುಕೊಳ್ಳಿ; ಅವರು ತಾಳ ತಪ್ಪಿದರೆ ಎಲ್ಲ ವೇಷಗಳೂ ತಪ್ಪುತ್ತವೆ. ಅಲ್ಲಿಯೂ ಸೀಸನ್ ಶುರುವಾಗುತ್ತಲೇ ಎಳೆಯ ಕ್ವಾರ್ಟರ್‌ಬ್ಯಾಕಿನ ಮೇಲೆ ಊರಿಗೆ ಊರೇ ಪಂಚಾಯಿತಿ ನಡೆಸುತ್ತದಂತೆ. 2022ರಲ್ಲಿ ಹೊಸ ಆಟಗಾರರನ್ನು ಆರಿಸುವಾಗ ಬ್ರಾಕ್ ಪರ್ಡಿ ಎಂಬವನನ್ನು ಸ್ಯಾನ್ ಫ್ರಾನ್ಸಿಸ್ಕೋ ತಂಡ ಕಟ್ಟಕಡೆಯವನಾಗಿ, 262ನೆಯವನಾಗಿ ತೆಗೆದುಕೊಂಡಿತು. ಎರಡೇ ವರ್ಷದಲ್ಲಿ, 2024ರ ಫೆಬ್ರುವರಿಯಲ್ಲಿ, ಅವನು ಆ ತಂಡವನ್ನು ಸೂಪರ್ ಬೌಲ್ ಫೈನಲ್‌ವರೆಗೆ ಒಯ್ದ.

ಇದನ್ನು ಕೇಳಿದ ನನ್ನ ಮಗ ಬಿಡುತ್ತಾನೆಯೇ? "ಅಮ್ಮಾ, ನಮ್ಮ ರಜತ್ ಪಾಟಿದಾರ್ ಕಥೆ ಏನು ಕಡಿಮೆಯಾ?" ಎಂದ. ನಿಜವೇ. ಅದೇ 2022ರ ಹರಾಜಿನಲ್ಲಿ ಇಂದೋರಿನ ಆ ಆಟಗಾರನನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಇನ್ನೊಬ್ಬನ ಜಾಗಕ್ಕೆ ಬೆಂಗಳೂರಿನವರು ನಡುವೆ ಕರೆಸಿಕೊಂಡರು. ಮೇ ತಿಂಗಳ ಎಲಿಮಿನೇಟರ್ ಪಂದ್ಯದಲ್ಲಿ ಅವನದು ಔಟಾಗದೆ 112. 2025ರಲ್ಲಿ ನಾಯಕನಾದ. ಕಪ್ ಎತ್ತಿ ಹಿಡಿದದ್ದು ಅವನ ಕೈಯೇ.

ಹಾಗೆಂದು ಮೊದಲೇ ಅತಿಯಾಗಿ ಹೊಗಳುವುದೂ ಸರಿಯಲ್ಲ. ನಮ್ಮ ವಿರಾರಿನ ಪೃಥ್ವಿ ಶಾ 2013ರಲ್ಲಿ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ 546 ಹೊಡೆದಾಗ ಅವನಿಗೆ ಇನ್ನೂ ಹದಿನಾಲ್ಕು. 2018ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಮೊದಲ ಟೆಸ್ಟಿನಲ್ಲೇ ಶತಕ. ಒಂದಗುಳು ನೋಡಿ ಹಬ್ಬದೂಟ ಸಾರಿದವರು ಆಗಲೂ ನಾವೇ. 2024ರ ಕೊನೆಯಲ್ಲಿ ಐ.ಪಿ.ಎಲ್. ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳದಿದ್ದಾಗ ತಲೆಗೊಂದು ಮಾತು ಆಡಿದವರೂ ನಾವೇ. 2025ರಲ್ಲಿ ಅವನು ಮುಂಬಯಿ ಬಿಟ್ಟು ಮಹಾರಾಷ್ಟ್ರ ತಂಡ ಸೇರಿದ. ಇಪ್ಪತ್ತೈದರ ಹುಡುಗನೊಬ್ಬ ಇಷ್ಟು ಹೊಗಳಿಕೆ, ಇಷ್ಟು ತೆಗಳಿಕೆ ಎರಡನ್ನೂ ಹೊತ್ತು ಹೇಗೆ ನಡೆದಾನು?

2024ರ ಹಾರ್ದಿಕ್ ಪಾಂಡ್ಯ ಪ್ರಕರಣವಂತೂ ನಿಮಗೆಲ್ಲ ನೆನಪಿರಬೇಕು. ರೋಹಿತನ ಜಾಗದಲ್ಲಿ ಅವನನ್ನು ನಾಯಕನನ್ನಾಗಿ ಮಾಡಿದ್ದಕ್ಕೆ ವಾಂಖೆಡೆಯಲ್ಲಿ ತವರಿನ ಜನವೇ ಕೂಗಿ ಹೀಯಾಳಿಸಿತು. ಟಾಸ್ ಹೊತ್ತಿಗೆ ನಮ್ಮ ಸಂಜಯ್ ಮಂಜ್ರೇಕರ್ ಮೈಕಿನಲ್ಲೇ, ಸರಿಯಾಗಿ ನಡೆದುಕೊಳ್ಳಿ ಎಂದು ಪ್ರೇಕ್ಷಕರಿಗೆ ಹೇಳಬೇಕಾಯಿತು. ತಂಡ ಕೊನೆಯ ಸ್ಥಾನಕ್ಕೆ ಇಳಿಯಿತು. ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ ಫೈನಲಿನ ಕೊನೆಯ ಓವರ್ ಎಸೆದು ಭಾರತವನ್ನು ಗೆಲ್ಲಿಸಿದವನು ಅದೇ ಹಾರ್ದಿಕ್. ಜುಲೈ 4ರಂದು ಅದೇ ವಾಂಖೆಡೆ ಅವನ ಹೆಸರು ಹಿಡಿದು ಜಯಕಾರ ಹಾಕಿತು. ಆ ದಿನ ನನ್ನ ಮಗಳೂ ಅಲ್ಲೇ ಹೊರಗೆ ಜನಸಾಗರದಲ್ಲಿದ್ದಳು. ಗಂಟಲು ಕಟ್ಟಿಸಿಕೊಂಡು ಬಂದವಳಿಗೆ ಬಿಸಿನೀರು ಕೊಡುತ್ತ, "ಏಪ್ರಿಲ್ಲಿನಲ್ಲಿ ಬೈದದ್ದೂ ಇದೇ ಗಂಟಲಿನಿಂದ ತಾನೇ?" ಎಂದೆ. ಉತ್ತರ ಬರಲಿಲ್ಲ.

ಆ ಶುಕ್ರವಾರ ರಾತ್ರಿ

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. 2025ರ ಏಪ್ರಿಲ್ 4, ಶುಕ್ರವಾರ. ಲಖನೌದಲ್ಲಿ ಮುಂಬಯಿ ಆಟ. ಗುರಿ 204. ಇಪ್ಪತ್ತೆರಡು ವರ್ಷದ ತಿಲಕ್ ವರ್ಮ ಎಷ್ಟು ಬೀಸಿದರೂ ಚೆಂಡು ಬೌಂಡರಿ ಮುಟ್ಟುತ್ತಿಲ್ಲ. 23 ಎಸೆತಕ್ಕೆ 25 ರನ್. ಮಗಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು, "ಹೊಡಿ ಮಾರಾಯಾ, ಇಲ್ಲದಿದ್ದರೆ ಹೊರಗೆ ಹೋಗು" ಎಂದು ಕೂಗುತ್ತಿದ್ದಳು.

ಅವನು ನಿಜವಾಗಿಯೂ ಹೊರಗೆ ಹೋದ! ಪಂದ್ಯ ಮುಗಿಯಲು ಇನ್ನು ಏಳು ಎಸೆತ ಇರುವಾಗ, ಔಟಾಗದೆ ಇದ್ದವನನ್ನು ತಂಡದವರೇ ಒಳಗೆ ಕರೆಸಿಕೊಂಡರು. ರಿಟೈರ್ಡ್ ಔಟ್ ಎನ್ನುತ್ತಾರಂತೆ. ನಿಯಮದಲ್ಲಿ ತಪ್ಪಿಲ್ಲ. ಆದರೆ ನನಗೆ ಕಂಡದ್ದೇ ಬೇರೆ. ಪಂಕ್ತಿಯಲ್ಲಿ ನೂರಾರು ಜನ ಕುಳಿತಿರುವಾಗ, ಬಡಿಸುತ್ತಿದ್ದ ಹುಡುಗನ ಕೈಯಿಂದ ಸೌಟು ಕಿತ್ತು ಇನ್ನೊಬ್ಬನಿಗೆ ಕೊಟ್ಟಂತೆ. ಅವನು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ. ಮುಂಬಯಿ 12 ರನ್ನಿನಿಂದ ಸೋತಿತು.

ಮಗಳು ಕೂಗಲಿಲ್ಲ. ಮುಂಬಯಿ ಸೋತರೆ ಕುಣಿಯುವ ಮಗನೂ ಕುಣಿಯಲಿಲ್ಲ. ಸುಮ್ಮನೆ "ಪಾಪ" ಎಂದ. ಸ್ವಲ್ಪ ಹೊತ್ತಿನ ಮೇಲೆ ಮಗಳು ಮೆಲ್ಲಗೆ ಕೇಳಿದಳು: "ಅಮ್ಮಾ, ಸೋಮವಾರ ಇವನನ್ನು ಆಡಿಸುತ್ತಾರಲ್ಲಾ?"

ಆ ಪ್ರಶ್ನೆ ಕೇಳಿ ನನ್ನ ಕೈ ಅಲ್ಲೇ ನಿಂತಿತು. ಏಕೆಂದರೆ ಆ ಪ್ರಶ್ನೆ ತಿಲಕ್ ವರ್ಮನ ಬಗ್ಗೆ ಮಾತ್ರ ಆಗಿರಲಿಲ್ಲ.

2011ರಲ್ಲಿ, ವಾಂಖೆಡೆಯಲ್ಲಿ ಭಾರತ ವಿಶ್ವಕಪ್ ಗೆದ್ದ ವರ್ಷ, ನನ್ನ ಮಗನಿಗೆ ಹದಿಮೂರು. ಊರಿನ ಮಕ್ಕಳೆಲ್ಲ ಧೋನಿಗಳಾಗಿದ್ದ ಕಾಲ. ಇವನೂ ಶಾಲೆಯ ತಂಡಕ್ಕೆ ಆಯ್ಕೆಯಾದ. ಮೊದಲ ಪಂದ್ಯದಲ್ಲಿ ಎರಡು ಕ್ಯಾಚು ಬಿಟ್ಟ. ಮುಂದಿನ ಪಂದ್ಯದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಮನೆಗೆ ಬಂದು ಚೀಲ ಮೂಲೆಗೆ ಎಸೆದವನಿಗೆ ನಾನು ಹೇಳಿದ್ದೇನು ಗೊತ್ತೇ? "ಒಳ್ಳೆಯದೇ ಆಯಿತು ಬಿಡು. ಹತ್ತನೇ ಕ್ಲಾಸು ಹತ್ತಿರ ಬಂತು, ಓದು ನೋಡಿಕೋ." ಅವನು ಮರುಮಾತಾಡಲಿಲ್ಲ. ಮೊದಲಿಗೆ ಹೇಳಿದೆನಲ್ಲ, ಹಲ್ಲಿ ಓಡಿಸುವ ಬ್ಯಾಟು, ಅದು ಅವನದೇ.

ಮಗಳದು 2015. ನಮ್ಮ ಉಪನಗರದಲ್ಲಿ ನಡೆದ ಒಂದು ರಾಜ್ಯೋತ್ಸವ ಸಮಾರಂಭ. ಹದಿನಾಲ್ಕರ ಹುಡುಗಿ, ಕನ್ನಡ ಓದಲು ಬಾರದು. ನಾನೇ ಸ್ವಾಗತ ಭಾಷಣವನ್ನು ದೇವನಾಗರಿಯಲ್ಲಿ ಬರೆದುಕೊಟ್ಟಿದ್ದೆ. ಹೊಸ ಲಂಗ ದಾವಣಿ ಉಟ್ಟು, ಮೈಕಿನ ಮುಂದೆ ನಿಂತು, ಗಾಬರಿಯಲ್ಲಿ ಒಂದು ಅಕ್ಷರ ನುಂಗಿದಳು: "ಇಂದಿನ ಮುಖ್ಯ ತಿಥಿಗಳನ್ನು ಆದರದಿಂದ ಸ್ವಾಗತಿಸುತ್ತೇನೆ." ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಮುಖ್ಯ ಅತಿಥಿಗಳೂ ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿದು ನಾನೂ ನಕ್ಕೆ. ಅವಳಿಗೆ ತಿಥಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮನೆಗೆ ಬಂದು ನಾನು ಅರ್ಥ ಹೇಳಿದ ಮೇಲೆ ಅತ್ತಳು. ಆ ದಿನದಿಂದ ಅವಳು ವೇದಿಕೆ ಹತ್ತಿಲ್ಲ. ನೆಂಟರ ಎದುರು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರಿಸುತ್ತಾಳೆ. "ಈಗಿನ ಮಕ್ಕಳಿಗೆ ಭಾಷಾಭಿಮಾನವಿಲ್ಲ" ಎಂದು ಹಿರಿಯರು ಹೇಳುವಾಗ ನಾನು ಬಾಯಿ ಮುಚ್ಚಿ ಕೂರುತ್ತೇನೆ. ಅವಳ ಮೊದಲ ಪಂದ್ಯಕ್ಕೆ ನಕ್ಕವಳು ನಾನು; ಎರಡನೆಯದು ಅವಳಿಗೆ ಸಿಗಲೇ ಇಲ್ಲ.

ಸೋಮವಾರ

ಸೋಮವಾರ ಬಂತು, ಏಪ್ರಿಲ್ 7. ವಾಂಖೆಡೆಯಲ್ಲಿ ಮುಂಬಯಿ ಮತ್ತು ಬೆಂಗಳೂರು. ಅಂದರೆ ನಮ್ಮ ಮನೆಯಲ್ಲಿ ಕುರುಕ್ಷೇತ್ರ. ತಿಲಕ್ ವರ್ಮನನ್ನು ಆಡಿಸಿದರು. ಬೆಂಗಳೂರು 221 ಹೊಡೆದಿತ್ತು. ಮುಂಬಯಿಯ ನಾಲ್ಕು ವಿಕೆಟ್ ಬೇಗನೆ ಹೋದವು. ಆಮೇಲೆ ಆ ಹುಡುಗ 29 ಎಸೆತಗಳಲ್ಲಿ 56 ಹೊಡೆದ! ಜತೆಗಿದ್ದವನು ಹಾರ್ದಿಕ್ ಪಾಂಡ್ಯ. ಕೊನೆಯ ಓವರ್ ಎಸೆಯಲು ಬಂದವನು ಹಾರ್ದಿಕನ ಸ್ವಂತ ಅಣ್ಣ, ಬೆಂಗಳೂರಿನ ಕೃಣಾಲ್. ಪಂದ್ಯವನ್ನು ಬೆಂಗಳೂರು 12 ರನ್ನಿನಿಂದ ಗೆದ್ದಿತು. 2015ರ ನಂತರ ವಾಂಖೆಡೆಯಲ್ಲಿ ಅವರಿಗೆ ಅದೇ ಮೊದಲ ಗೆಲುವು. ತಂಡ ಗೆದ್ದ ಮಗನಿಗೂ ಸಂತೋಷ. ತಂಡ ಸೋತ ಮಗಳಿಗೂ ಒಳಗೊಳಗೇ ಸಂತೋಷ. ಅಂಥ ರಾತ್ರಿ ನಮ್ಮ ಮನೆಯಲ್ಲಿ ಹಿಂದೆ ಇರಲಿಲ್ಲ.

ಆಗ ಮುಂಬಯಿಯ ಲೆಕ್ಕ ಐದು ಪಂದ್ಯಕ್ಕೆ ಒಂದೇ ಗೆಲುವು. "ಈ ವರ್ಷ ಮುಗಿಯಿತು" ಎಂದು ನಮ್ಮವರು ಸಾರಿದರು. ಮುಂದಿನ ಆರು ಪಂದ್ಯಗಳನ್ನು ಸಾಲಾಗಿ ಗೆದ್ದು ತಂಡ ಪ್ಲೇ ಆಫ್ ತಲುಪಿತು. ಆ ವರ್ಷದ ಸೆಪ್ಟೆಂಬರ್ 28ರಂದು ದುಬೈಯಲ್ಲಿ ಏಷ್ಯಾ ಕಪ್ ಫೈನಲ್, ಎದುರಾಳಿ ಪಾಕಿಸ್ತಾನ, ಭಾರತಕ್ಕೆ 147ರ ಗುರಿ, ಮೊದಲಲ್ಲೇ ವಿಕೆಟ್ ಪತನ. ಕೊನೆಯವರೆಗೂ ನಿಂತು 69 ಹೊಡೆದು ಗೆಲ್ಲಿಸಿದವನು ಯಾರು? ಆರು ತಿಂಗಳ ಹಿಂದೆ ಕೈಯಿಂದ ಸೌಟು ಕಿತ್ತುಕೊಂಡಿದ್ದ ಅದೇ ಹುಡುಗ.

ಎಲ್ಲರ ಕಥೆಯೂ ಹೀಗೆ ಸುಖಾಂತವಾಗುವುದಿಲ್ಲ ಎಂದು ನನಗೂ ಗೊತ್ತು. ಮುಂದಿನ ಪಂದ್ಯ ಸಿಕ್ಕಿದರೂ ಕ್ಯಾಚು ಬಿಡುವವರಿದ್ದಾರೆ. ತಂಡ ನಡೆಸುವವರಿಗೆ ಕೆಲವರನ್ನು ಕೈಬಿಡಲೇ ಬೇಕಾಗುತ್ತದೆ. ಆದರೆ ನೀವು, ನಾನು ತಂಡ ನಡೆಸುವವರಲ್ಲ, ನೋಡುವವರು. ನೋಡುವವರಿಗೆ ಅಷ್ಟು ಅವಸರ ಏಕೆ? ವಾದ ಮಾಡಿ, ಖಂಡಿತ ಮಾಡಿ. ವಾದವಿಲ್ಲದ ಮನೆಯಲ್ಲಿ ಬಜೆಗೂ ರುಚಿಯಿಲ್ಲ. ಅವನ ಕಾಲು ಚೆಂಡಿನ ಕಡೆ ಚಲಿಸಲಿಲ್ಲ, ಫೀಲ್ಡಿಂಗ್ ನಿಲ್ಲಿಸಿದ್ದು ತಪ್ಪಾಯಿತು ಎಂದು ಹೇಳಿ. "ಇವನಿಂದ ಎಂತದೂ ಆಗುವುದಿಲ್ಲ" ಎಂಬ ಒಂದು ಮಾತನ್ನು ಮಾತ್ರ ನಾಲಿಗೆಯ ತುದಿಯಲ್ಲೇ ತಡೆಯಿರಿ. ಆ ಮಾತು ಟಿ.ವಿ.ಯೊಳಗಿರುವವನಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಕೂತ ತಮ್ಮನಿಗೋ ತಂಗಿಗೋ ಕೇಳುತ್ತದೆ. ಎಷ್ಟೋ ಸಲ ನಿಮಗೇ ಕೇಳುತ್ತದೆ. ಮೊದಲ ಇಂಟರ್‌ವ್ಯೂನಲ್ಲಿ ತಡವರಿಸಿದ ದಿನ, ಹೊಸ ಕೆಲಸದ ಮೊದಲ ವಾರದಲ್ಲಿ ತಪ್ಪು ಮಾಡಿದ ದಿನ.

ಕೊನೆಯದಾಗಿ ಒಂದು ಕೋರಿಕೆ, ಇದು ಹಿರಿಯರ ಪರವಾಗಿ ತಪ್ಪೊಪ್ಪಿಗೆಯೂ ಹೌದು. ನಿಮ್ಮಲ್ಲಿ ಎಷ್ಟೋ ಮಂದಿ ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನು ನಿಲ್ಲಿಸಿದ್ದೀರಿ. ಒಂದು ತಿಥಿಗೋ ಇನ್ನೊಂದು ಒತ್ತಕ್ಷರಕ್ಕೋ ನಾವು ನಕ್ಕದ್ದೇ ಕಾರಣವಾಗಿದ್ದರೆ, ದಯವಿಟ್ಟು ನಮಗೂ ಒಂದು ಮುಂದಿನ ಪಂದ್ಯ ಕೊಡಿ. ಮತ್ತೆ ಬನ್ನಿ, ತಪ್ಪು ಕನ್ನಡವನ್ನೇ ಮಾತನಾಡಿ. ಈ ಸಲ ನಾವು ಸುಮ್ಮನೆ ಕುಳಿತು, ವಾಕ್ಯ ಮುಗಿಯುವವರೆಗೆ ಕೇಳುತ್ತೇವೆ.

ಈ ಲೇಖನ ಬರೆಯುತ್ತಿದ್ದಾಗ ಮಗಳು ಹಿಂದಿನಿಂದ ಇಣುಕಿ, "ನನ್ನದೂ ಬರೆದೆಯಾ?" ಎಂದು ಮುಖ ಸಿಂಡರಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನು ಓದಿ ಹೇಳು. ಇಲ್ಲದಿದ್ದರೆ ದೇವನಾಗರಿಯಲ್ಲಿ ಬರೆದುಕೊಡು, ನಾನೇ ಓದಿಕೊಳ್ಳುತ್ತೇನೆ" ಎಂದಳು. ನಾನು ಕುಕ್ಕರಿನ ಉರಿ ತಗ್ಗಿಸಿ, ಹೊಸ ಹಾಳೆ ತೆಗೆದು ಬರೆಯಲು ಕೂತೆ. ಒಳಗೆ ಕುಚ್ಚಲಕ್ಕಿ ಬೇಯುತ್ತಿತ್ತು. ಅದಕ್ಕೆ ಇನ್ನೂ ಹೊತ್ತಿತ್ತು.